ನಂಬದ ತಮ್ಮ, ಜಪಸರ ಹಿಡಿದ ಅಮ್ಮ, ನನ್ನ ಮಗುವಿನ ದೀಕ್ಷಾಸ್ನಾನ

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಮ್ಮದು ಕಥೋಲಿಕ ಮನೆ. ಅಜ್ಜನ ಊರು ಗೊರೂರು ಹತ್ತಿರದ ಶೆಟ್ಟಿಹಳ್ಳಿ. ಹೇಮಾವತಿಗೆ ಅಣೆಕಟ್ಟು ಬಂದಾಗ ಜಮೀನು, ಮನೆ ಬಿಟ್ಟು ಬಂದವರು. ಅಲ್ಲಿನ ಹಳೇ ಚರ್ಚನ್ನು ನೀವೆಲ್ಲ ನೋಡಿರುತ್ತೀರಿ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಏಳುತ್ತದೆ. ಜನ ಫೋಟೋ ತೆಗೆಯಲು ಬರುತ್ತಾರೆ. ನಮ್ಮಮ್ಮನಿಗೆ ಅದು ಅವರ ಅಪ್ಪ ಅಮ್ಮನ ಮದುವೆ ಆದ ಜಾಗ.

ನನಗೆ ಒಬ್ಬನೇ ತಮ್ಮ. ಹೈಸ್ಕೂಲ್ ಮುಗಿಯುವ ತನಕ ಚರ್ಚಿನ ಪೂಜೆಯಲ್ಲಿ ಸ್ವಾಮಿಗಳ (ಪಾದ್ರಿಗಳ) ಪಕ್ಕ ನಿಂತು ಗಂಟೆ ಬಾರಿಸುತ್ತಿದ್ದ ಹುಡುಗ. ಕಾಲೇಜಿಗೆ ಹೋದ ಮೇಲೆ ನಿಧಾನಕ್ಕೆ ಚರ್ಚಿಗೆ ಬರುವುದು ಕಮ್ಮಿಯಾಯಿತು. ಅಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ಒಂದು ದಿನ ಬಾಯಿಬಿಟ್ಟು ಹೇಳಿದ. "ಅಕ್ಕ, ದೇವರಿದ್ದಾನೆ ಅಂತ ನಂಗೆ ಅನ್ಸಲ್ಲ. ಇಲ್ಲದ ನಂಬಿಕೆ ಇದೆ ಅಂತ ನಾಟಕ ಮಾಡೋಕೆ ಆಗ್ತಿಲ್ಲ." ಆವತ್ತು ನಾನು ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ.

ಈಗ ಮೂರು ತಿಂಗಳಿನ ನನ್ನ ಮಗುವಿಗೆ ದೀಕ್ಷಾಸ್ನಾನ, ಅಂದರೆ ತಲೆಗೆ ನೀರು ಸುರಿದು ಕ್ರೈಸ್ತ ಸಭೆಗೆ ಸೇರಿಸುವ ವಿಧಿ, ಮಾಡಿಸಬೇಕು. ಮಗುವಿನ ನಂಬಿಕೆಗೆ ಆಸರೆಯಾಗುವ ಜ್ಞಾನತಂದೆಯಾಗಿ ನಿಲ್ಲು ಅಂತ ತಮ್ಮನನ್ನು ಕೇಳಿದೆ. ಆಗಲ್ಲ ಅಂದ. ನನಗೆ ತುಂಬಾ ಬೇಸರವಾಯಿತು. ಒಂದು ಗಂಟೆಯ ಕೆಲಸ, ಸುಮ್ನೆ ನಿಂತಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಅದಕ್ಕೆ ಅವನು ಹೇಳಿದ್ದು: "ಅಲ್ಲಿ ಸ್ವಾಮಿಗಳು 'ನಂಬುತ್ತೀರಾ' ಅಂತ ಕೇಳ್ತಾರೆ. 'ನಂಬುತ್ತೇನೆ' ಅನ್ಬೇಕು. ನಿನ್ನ ಮಗೂನ ಎತ್ಕೊಂಡು ಮೊದಲನೇ ಮಾತೇ ಸುಳ್ಳು ಹೇಳಬೇಕಾ?"

ರಾತ್ರಿ ಮಲಗಿ ಯೋಚನೆ ಮಾಡಿದೆ. ನಮ್ಮ ಕಡೆ ಎಷ್ಟೋ ಜನ ಆ ಮಾತುಗಳನ್ನು ಫೋನ್ ನೋಡುತ್ತಾ ಹೇಳಿ ಮುಗಿಸುತ್ತಾರೆ. ಇವನು ಆ ಮಾತಿಗೆ ಅರ್ಥ ಇದೆ ಅಂತ ತಿಳಿದೇ ಹೇಳಲು ಒಪ್ಪಲಿಲ್ಲ. ಹಾಗಾದರೆ ನನ್ನ ನಂಬಿಕೆಗೆ ಜಾಸ್ತಿ ಬೆಲೆ ಕೊಟ್ಟವರು ಯಾರು?

ಇನ್ನೊಂದು ವಿಷಯ. ಅಮ್ಮನಿಗೆ ಶ್ವಾಸಕೋಶದ ಕಾಯಿಲೆ. ಮನೆಯಲ್ಲೇ ಆಕ್ಸಿಜನ್ ಮಷಿನ್ ಇದೆ. ದಿನಾ ಸಂಜೆ ಜಪಸರ, ಅಂದರೆ ಮಣಿ ಎಣಿಸುತ್ತಾ ಹೇಳುವ ಮಾತೆ ಮರಿಯಳ ಪ್ರಾರ್ಥನೆ, ಹೇಳದೆ ಅವರು ಊಟ ಮಾಡುವುದಿಲ್ಲ. ಜಪಸರದಲ್ಲಿ ಐದು ಹತ್ತುಗಳು, ಅಂದರೆ ಹತ್ತು ಹತ್ತು ಮಣಿಗಳ ಐದು ಸುತ್ತು. ಆ ಪ್ರತಿ ಮಣಿಗೂ ನಮೋ ಮರಿಯ ಪ್ರಾರ್ಥನೆ. ಮೊದಲರ್ಧ ಒಬ್ಬರು ಹೇಳಿದರೆ, ಉಳಿದರ್ಧ ಇನ್ನೊಬ್ಬರು ಹೇಳುವುದು ನಮ್ಮ ಪದ್ಧತಿ. ನಾನು ಬಾಣಂತನಕ್ಕೆ ಅಂತ ಬಂದಿದ್ದರೂ ಸಂಜೆ ಹೊತ್ತು ಮಗು ಹಿಡಿದುಕೊಂಡೇ ಇರಬೇಕು. ಒಂದು ಸಂಜೆ ಅಮ್ಮ ಒಬ್ಬರೇ ಪೂರ್ತಿ ಹೇಳಲು ಹೋಗಿ ಏದುಸಿರು ಬಿಡುತ್ತಿದ್ದರು. ತಮ್ಮ ಹೋಗಿ ಪಕ್ಕದಲ್ಲಿ ಕುಳಿತ.

"ಅಮ್ಮ, ನಾನು ನಂಬಲ್ಲ ಅಂತ ನಿಂಗೆ ಗೊತ್ತಲ್ವಾ. ನಾನು ಅರ್ಧ ಹೇಳಿದ್ರೆ ಪರವಾಗಿಲ್ವಾ?"

ಅಮ್ಮ ಹೇಳಿದರು: "ನಂಗೆ ಉಸಿರು ಸಾಲ್ತಿಲ್ಲ ಮಗ. ನೀನು ಹೇಳು. ನಂಬೋದು ನಾನು ನೋಡ್ಕೋತೀನಿ."

ಅಂದಿನಿಂದ ಅವನೇ ಮೊದಲರ್ಧ ಹೇಳುತ್ತಾನೆ. ಅಮ್ಮ ಉಳಿದರ್ಧ ಹೇಳುತ್ತಾರೆ. ಮರಣದ ಸಮಯದಲ್ಲೂ ನಮಗಾಗಿ ಪ್ರಾರ್ಥಿಸು ಅನ್ನುವ ಮಾತು ಇರುವುದು ಅಮ್ಮನ ಪಾಲಿನ ಅರ್ಧದಲ್ಲಿ.

ಸಂಬಂಧಿಕರಿಗೆ ಈಗ ವಿಷಯ ಗೊತ್ತಾಗಿದೆ. ನಾಸ್ತಿಕನನ್ನು ದೀಕ್ಷಾಸ್ನಾನಕ್ಕೆ ಕರೆಯಬೇಡ ಅಂತ ಒಬ್ಬರು. ನಂಬದವನ ಬಾಯಲ್ಲಿ ಜಪಸರ ಹೇಳಿಸಬಾರದು ಅಂತ ಇನ್ನೊಬ್ಬರು. ನಿಮ್ಮ ಮನೆಗಳಲ್ಲಿ ಹೇಗೆ ನಡೆಸುತ್ತೀರಿ? ನಮ್ಮ ಕಡೆಯವರೂ ಹೇಳಿ, ನಂಬದವರೂ ಹೇಳಿ.

ತೋಟದ ರೈಟರ್, ಆಲ್ದೂರು ಕಡೆ

ಅಕ್ಕ, ನಾನು ದೇವರನ್ನು ನಂಬುವವನಲ್ಲ. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ನಮ್ಮ ಲೈನ್ ಮನೆಗಳ ಸುತ್ತಮುತ್ತ ಕ್ರೈಸ್ತರ ಮನೆಗಳು ಜಾಸ್ತಿ, ಮಂಗಳೂರು ಕಡೆಯಿಂದ ಹಿಂದೆ ಬಂದ ಕೊಂಕಣಿಯವರು. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮಾತೆ ಮರಿಯಳ ಹುಟ್ಟುಹಬ್ಬ. ಚರ್ಚಿನಿಂದ ಹೊಸ ತೆನೆ ತಂದು, ಭತ್ತ ಸುಲಿದು, ಹಾಲಿಗೋ ಪಾಯಸಕ್ಕೋ ನಾಲ್ಕು ಕಾಳು ಹಾಕುತ್ತಾರೆ. ಪಕ್ಕದ ಮನೆಯ ಬಾಯಮ್ಮ ನನಗೂ ಒಂದು ಲೋಟ ಕಳಿಸುತ್ತಾರೆ. ಕುಡಿಯುತ್ತೇನೆ. ಅದು ಹೊಸ ಬೆಳೆಯ ಸಂತೋಷ. ಅವರು ಅದನ್ನು ಮಾತೆಗೆ ಅರ್ಪಿಸಿದ್ದಾರೆ ಅಂತ ನನಗೆ ಗೊತ್ತು, ನಾನು ಅರ್ಪಿಸುವುದಿಲ್ಲ ಅಂತ ಅವರಿಗೆ ಗೊತ್ತು.

ಆದರೆ ಒಂದು ಕಹಿ ಅನುಭವವನ್ನೂ ಹೇಳಲೇಬೇಕು. ನಾಲ್ಕು ವರ್ಷದ ಹಿಂದೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ) ಸಮಯದಲ್ಲಿ ಕೊಂಬೆ ಬಿದ್ದು ನನ್ನ ಸೊಂಟ ಮುರಿಯಿತು. ಆಸ್ಪತ್ರೆಯಲ್ಲಿ ಅಲ್ಲಾಡಲು ಆಗದ ಹಾಗೆ ಮಲಗಿದ್ದೆ. ಯಾರೋ ಮೂವರು ಬಂದರು. ಕೇಳದೆ ನನ್ನ ಹಣೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥನೆ ಶುರು ಮಾಡಿದರು. ಬೇಡ ಅಂದೆ. "ನಿಮ್ಮೊಳಗಿನ ಹಟ ಮಾತಾಡ್ತಿದೆ" ಅಂದರು. ಎದ್ದು ಹೋಗಲು ಆಗುವ ಸ್ಥಿತಿಯಲ್ಲಿ ಇರಲಿಲ್ಲ. ಅವತ್ತು ಆದ ಅವಮಾನ ಮೂಳೆ ನೋವಿಗಿಂತ ದೊಡ್ಡದು.

ಅದೇ ವಾರ್ಡಿನಲ್ಲಿ ಒಬ್ಬ ನರ್ಸ್ ಇದ್ದರು, ಕೊರಳಲ್ಲಿ ಸಣ್ಣ ಶಿಲುಬೆ. ಮರುದಿನ ಬೆಳಿಗ್ಗೆ ಬೆನ್ನು ಒರೆಸುತ್ತಾ ಕೇಳಿದರು. "ಅಣ್ಣ, ನಿನ್ನೆ ನಿಮಗೆ ಕಷ್ಟ ಆಯ್ತು ಅಂತ ಕೇಳ್ದೆ. ನಾನು ನಿಮಗೋಸ್ಕರ ಮನೇಲಿ ಪ್ರಾರ್ಥನೆ ಮಾಡ್ಬಹುದಾ? ಇಲ್ಲಿ ಅಲ್ಲ." ಮಾಡಿ ಸಿಸ್ಟರ್ ಅಂದೆ. ಪ್ರಾರ್ಥನೆಯಿಂದ ಮೂಳೆ ಕೂಡುತ್ತದೆ ಅಂತ ನಾನು ಇಂದಿಗೂ ನಂಬುವುದಿಲ್ಲ. ಆದರೆ ಅವರು ಕೇಳಿದ್ದು ಮರೆಯುವುದಿಲ್ಲ. ನಿಮ್ಮ ತಮ್ಮ ಅಮ್ಮನನ್ನು ಕೇಳಿದ ಹಾಗೆಯೇ ಅಲ್ವಾ ಅದು?

ಕರೆಯಿರಿ ಅವನನ್ನು. ಖಂಡಿತ ಕರೆಯಿರಿ.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ತಂಗಿ, ನಾನು ಮೂವತ್ತು ವರ್ಷ ಭಾನುವಾರದ ಧರ್ಮಬೋಧನೆ ತರಗತಿ ನಡೆಸಿದವನು. ಸಭೆಯ, ಅಂದರೆ ಕಥೋಲಿಕ ಧರ್ಮಸಭೆಯ, ಕಡೆಯಿಂದ ಎರಡು ಮಾತು.

ಮೊದಲನೆಯದು, ನಿಮ್ಮ ತಮ್ಮ ಒಪ್ಪದೆ ಇದ್ದದ್ದು ಸಭೆಯ ನಿಯಮಕ್ಕೂ ಸರಿ. ಜ್ಞಾನತಂದೆ ಅಥವಾ ಜ್ಞಾನತಾಯಿ ಆಗುವವರು ದೃಢೀಕರಣ (ನಂಬಿಕೆಯನ್ನು ಗಟ್ಟಿಮಾಡುವ ಸಂಸ್ಕಾರ) ಆಗಿರುವ ಕಥೋಲಿಕರಾಗಿರಬೇಕು. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ಆ ನಂಬಿಕೆಗೆ ತಕ್ಕ ಹಾಗೆ ಬಾಳುವವರಾಗಿರಬೇಕು. ಇಬ್ಬರೂ ಬೇಕು ಅಂತ ಕಡ್ಡಾಯ ಇಲ್ಲ, ಒಬ್ಬರಾದರೂ ಸಾಕು. ಅಂದರೆ ನೀವು ಒಬ್ಬ ಜ್ಞಾನತಾಯಿಯನ್ನು ನಿಲ್ಲಿಸಿದರೆ ದೀಕ್ಷಾಸ್ನಾನಕ್ಕೆ ಯಾವ ಕೊರತೆಯೂ ಇಲ್ಲ. ತಮ್ಮ ಸೋದರಮಾವನಾಗಿ ಬಂದು ನಿಲ್ಲಲಿ. ಆ ಸಂಬಂಧಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಎರಡನೆಯದು ಸ್ವಲ್ಪ ದೊಡ್ಡದು. ರೋಮಿನಲ್ಲಿ 1962ರಿಂದ 1965ರ ತನಕ ಲೋಕದ ಕಥೋಲಿಕ ಬಿಷಪ್‌ಗಳು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. ಹಾಸನ ಜಿಲ್ಲೆಯೂ ಸೇರಿದ ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಹುಟ್ಟಿದ್ದು 1963ರಲ್ಲಿ, ಆ ಮಹಾಸಭೆ ನಡೆಯುತ್ತಿದ್ದಾಗಲೇ. 1965ರ ಡಿಸೆಂಬರಿನಲ್ಲಿ ಮಹಾಸಭೆ ಹೊರಡಿಸಿದ ದಾಖಲೆಯಲ್ಲಿ ನಾಸ್ತಿಕತೆಯ ಬಗ್ಗೆಯೇ ಒಂದು ಭಾಗ ಇದೆ. ನಾಸ್ತಿಕತೆಯನ್ನು ಸಭೆ ಒಪ್ಪುವುದಿಲ್ಲ ಅಂತ ಅದು ಖಡಾಖಂಡಿತವಾಗಿ ಹೇಳುತ್ತದೆ. ಅದನ್ನು ಮುಚ್ಚಿಡಬಾರದು. ಆದರೆ ಜೊತೆಗೆ ಇನ್ನೆರಡು ಮಾತು ಹೇಳುತ್ತದೆ. ಜನ ದೇವರಿಂದ ದೂರ ಹೋಗುವುದಕ್ಕೆ ನಂಬುವವರ ಕೆಟ್ಟ ನಡತೆ, ತಪ್ಪು ಬೋಧನೆಯೂ ಕಾರಣ ಆಗಿರಬಹುದು ಅನ್ನುವುದು ಒಂದು. ನಂಬುವವರು, ನಂಬದವರು ಇಬ್ಬರೂ ಬದುಕುತ್ತಿರುವುದು ಇದೇ ಲೋಕದಲ್ಲಿ, ಅದನ್ನು ಸರಿಮಾಡಲು ಇಬ್ಬರೂ ಸೇರಿ ದುಡಿಯಬೇಕು, ಅದಕ್ಕೆ ಪ್ರಾಮಾಣಿಕವಾದ ಮಾತುಕತೆ ಬೇಕು ಅನ್ನುವುದು ಇನ್ನೊಂದು.

ಪೋಪ್ ಫ್ರಾನ್ಸಿಸ್ 2013ರ ಮೇ ತಿಂಗಳಲ್ಲಿ ಒಂದು ಬೆಳಗಿನ ಪೂಜೆಯ ಪ್ರಬೋಧನೆಯಲ್ಲಿ ಹೇಳಿದ್ದೂ ಇದೇ ದಾರಿಯ ಮಾತು. ಕ್ರಿಸ್ತನ ಬಲಿ ಎಲ್ಲರಿಗಾಗಿ, ನಾಸ್ತಿಕರಿಗೂ ಸೇರಿ, ಒಳ್ಳೇದು ಮಾಡುವ ಜಾಗದಲ್ಲಿ ನಾವೆಲ್ಲ ಸಿಗೋಣ ಅಂತ. ಆವಾಗ ನಮ್ಮವರಲ್ಲೇ ಎಷ್ಟೋ ಜನ ಹುಬ್ಬೇರಿಸಿದರು. ನನಗೆ ಆ ಮಾತು ಸಮಾಧಾನ ಕೊಟ್ಟಿತು, ಯಾಕೆಂದರೆ ನನ್ನ ಹಿರಿಯ ಮಗಳೂ ನಂಬಿಕೆ ಬಿಟ್ಟವಳು. ಅದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಹತ್ತು ವರ್ಷ ನಾನು ಅವಳಿಗೆ ಪ್ರತಿ ಫೋನಿನಲ್ಲೂ "ಪೂಜೆಗೆ ಹೋದೆಯಾ" ಅಂತ ಕೇಳಿದೆ. ಹತ್ತು ವರ್ಷವೂ ಅವಳು "ಹೂಂ" ಅಂದಳು. ಆಮೇಲೆ ತಿಳಿಯಿತು, ಅಪ್ಪನಿಗೆ ನೋವಾಗುತ್ತದೆ ಅಂತ ಸುಳ್ಳು ಹೇಳುತ್ತಿದ್ದಳು. ಅವಳ ಬಾಯಲ್ಲಿ ಆ ಸುಳ್ಳನ್ನು ಇಟ್ಟವನು ನಾನು. ಧರ್ಮಬೋಧನೆ ಮಾಡಿದ ಮೇಷ್ಟ್ರು. ಈಗ "ಊಟ ಆಯ್ತಾ ಮಗಳೇ" ಅಂತ ಕೇಳುತ್ತೇನೆ. ಅವಳೂ ಈಗ ನಿಜ ಹೇಳುತ್ತಾಳೆ, ಕೆಲವು ಸಲ ಅರ್ಧ ಗಂಟೆ.

ಪ್ರಶ್ನೆ ಕೇಳುವವ, ಅರಸೀಕೆರೆ

ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದೀರಿ. ನಾನು ಒಪ್ಪದ ಮಾತು ಹೇಳುತ್ತೇನೆ, ಕೋಪ ಮಾಡಬೇಡಿ.

ದೀಕ್ಷಾಸ್ನಾನಕ್ಕೆ ನಿಲ್ಲದೆ ಇದ್ದದ್ದು ಸರಿ. ಹಾಗಾದರೆ ದಿನಾ ಸಂಜೆ ಜಪಸರ ಹೇಳುವುದು ಹೇಗೆ ಸರಿ? ಅಲ್ಲಿ ಸುಳ್ಳು, ಇಲ್ಲಿ ಸುಳ್ಳಲ್ಲವೇ? ವಿಚಾರವಾದಿ ಅಂದ ಮೇಲೆ ಒಂದು ನಿಲುವು ಬೇಕು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಎಷ್ಟು ವಿರೋಧ ಬಂತು! ಜನರಿಗೆ ನೋವಾಗುತ್ತದೆ ಅಂತ ಅವರು ಸುಮ್ಮನಾಗಿದ್ದರೆ? ವಿಚಾರವಾದಿ ಅಬ್ರಹಾಂ ಕೋವೂರ್ ಕೇರಳದ ತಿರುವಲ್ಲದ ಮಾರ್ ತೋಮಾ ಎಂಬ ಕ್ರೈಸ್ತ ಸಭೆಯ ಪಾದ್ರಿಯ ಮಗ. ಶ್ರೀಲಂಕಾದಲ್ಲಿದ್ದು ಪವಾಡ ಪುರುಷರಿಗೆ ಸವಾಲು ಹಾಕಿದರು. ಮೋಸಕ್ಕೆ ಎಡೆಯಿಲ್ಲದ ಹಾಗೆ ಪವಾಡ ಮಾಡಿ ತೋರಿಸಿದರೆ ಒಂದು ಲಕ್ಷ ರೂಪಾಯಿ ಅಂದರು. ಯಾರೂ ಗೆಲ್ಲಲಿಲ್ಲ. 1978ರಲ್ಲಿ ತೀರಿಕೊಂಡಾಗ ದೇಹವನ್ನೂ ವೈದ್ಯಕೀಯ ಓದಿಗೆ ಬಿಟ್ಟುಕೊಟ್ಟರು. ಅದು ನಿಲುವು.

ಇನ್ನೊಂದು ಮಾತು. ಸಹಬಾಳ್ವೆ ಅಂತ ಎಲ್ಲರೂ ಹೇಳುವಾಗ ಬಗ್ಗುವುದು ಯಾವಾಗಲೂ ನಂಬದವನೇ. ಹಬ್ಬದ ದಿನ ನಾವು ಎದ್ದು ನಿಲ್ಲಬೇಕು, ಚಪ್ಪಲಿ ಬಿಡಬೇಕು, ಸುಮ್ಮನಿರಬೇಕು. ನಮ್ಮ ಮಾತು ಕೇಳಲು ಯಾರು ಎದ್ದು ನಿಲ್ಲುತ್ತಾರೆ?

ಹೇಮಾವತಿ ದಂಡೆ, ಹಾಸನ

ಅಣ್ಣ, ಕೋಪ ಇಲ್ಲ. ನಿಮ್ಮ ಪ್ರಶ್ನೆಯನ್ನು ನೇರ ತಮ್ಮನ ಮುಂದೆ ಓದಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ದೀಕ್ಷಾಸ್ನಾನದಲ್ಲಿ ನನ್ನನ್ನು ಕೇಳ್ತಾರೆ, ನೀನು ನಂಬ್ತೀಯಾ ಅಂತ. ಅಲ್ಲಿ ನಾನು ಕೊಡೋದು ನನ್ನ ಮಾತು. ಜಪಸರದಲ್ಲಿ ಅಮ್ಮಂಗೆ ನಾನು ಏನೂ ಮುಚ್ಚಿಟ್ಟಿಲ್ಲ. ಮೊದಲೇ ಹೇಳಿ ಕೂತಿದ್ದೀನಿ. ಅಮ್ಮನ ಕಣ್ಣು ಕಾಣದೆ ಇದ್ರೆ ಪೇಪರ್ ಓದ್ತಿದ್ದೆ. ಪೇಪರಲ್ಲಿ ಇರೋದೆಲ್ಲ ನಾನು ಒಪ್ತೀನಿ ಅಂತಲ್ಲ. ಇದು ಅಮ್ಮನ ಪ್ರಾರ್ಥನೆ, ನನ್ನ ಉಸಿರು."

ಬಗ್ಗುವುದು ಯಾವಾಗಲೂ ನಂಬದವನೇ ಅಂದಿರಲ್ಲ, ಅದು ನನ್ನ ಮನಸ್ಸಿಗೆ ನಾಟಿತು. ನಿಜ. ಅಪ್ಪನ ಮೂವತ್ತನೇ ದಿನದ ಪೂಜೆಯಲ್ಲಿ ಪರಮಪ್ರಸಾದ (ಕ್ರಿಸ್ತನ ದೇಹವೆಂದು ಕೊಡುವ ರೊಟ್ಟಿ) ತೆಗೆದುಕೊಳ್ಳುವ ಹೊತ್ತಿಗೆ ಎಲ್ಲರೂ ಸಾಲಿನಲ್ಲಿ ಹೋದರು. ತಮ್ಮ ಒಬ್ಬನೇ ಬೆಂಚಿನಲ್ಲಿ ಕುಳಿತಿದ್ದ. ನಮ್ಮ ಕಡೆಯ ಹೆಂಗಸರು ತಿರುಗಿ ತಿರುಗಿ ನೋಡಿದರು. ನಾನೂ ತಲೆ ತಗ್ಗಿಸಿದೆ. ಸಭೆಯ ನಿಯಮದಂತೆ ನಂಬದವನು ಪ್ರಸಾದ ತೆಗೆದುಕೊಳ್ಳಬಾರದು. ಅಂದರೆ ಅವನು ಮಾಡಿದ್ದೇ ಸರಿ, ತಲೆ ತಗ್ಗಿಸಿದ ನಾನು ತಪ್ಪು. ಇದನ್ನು ನಾನು ಅವನಿಗೆ ಇವತ್ತು ಹೇಳಿದೆ. ಮೂರು ವರ್ಷ ತಡವಾಗಿ.

ಸಕಲೇಶಪುರದ ಸಹೋದರಿ

ಕರ್ತನ ನಾಮದಲ್ಲಿ ವಂದನೆಗಳು. ನಾವು ಕಥೋಲಿಕರಲ್ಲ, ಬೇರೆ ಸಭೆಯವರು. ನಮಗೆ ಶಿಶುಗಳ ದೀಕ್ಷಾಸ್ನಾನ ಇಲ್ಲ. ತಿಳುವಳಿಕೆ ಬಂದ ಮೇಲೆ ಅವರೇ ಬಾಯಿಂದ ಒಪ್ಪಿಕೊಂಡು ನೀರಿನಲ್ಲಿ ಇಳಿಯಬೇಕು. ಹಾಗಾಗಿ ನಿಮ್ಮ ತಮ್ಮ "ನಂಬದೆ ನಂಬುತ್ತೇನೆ ಅನ್ನಲಾರೆ" ಅಂದದ್ದು ನನಗೆ ಸರಿಯಾಗೇ ಅರ್ಥವಾಗುತ್ತದೆ.

ಆದರೆ ತೋಟದ ರೈಟರ್ ಅಣ್ಣನ ಮಾತು ಓದಿ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ನಾನೂ ಆಸ್ಪತ್ರೆಗಳಿಗೆ ಪ್ರಾರ್ಥನೆಗೆ ಹೋಗುವವಳು. ನಿಮ್ಮ ಹತ್ತಿರ ಬಂದವರು ನಾವಲ್ಲ. ಆದರೆ ನಾನೂ ಎಷ್ಟೋ ಸಲ ಕೇಳದೆ ಕೈಯಿಟ್ಟಿದ್ದೇನೆ. ನಮ್ಮ ಮನಸ್ಸಿನಲ್ಲಿ ಇರುವುದು ಪ್ರೀತಿ ಅಣ್ಣ, ಅದನ್ನು ನಂಬಿ. ಒಬ್ಬರು ನಿತ್ಯನಾಶಕ್ಕೆ ಹೋಗುತ್ತಾರೆ ಅಂತ ನಿಜವಾಗಿ ನಂಬಿದವಳು ಸುಮ್ಮನೆ ಇರುವುದು ಹೇಗೆ? ಬೆಂಕಿ ಬಿದ್ದ ಮನೆಯಲ್ಲಿ ಮಲಗಿದವರನ್ನು ಎಬ್ಬಿಸದೆ ಇರಲಾಗುತ್ತದೆಯೇ? ನಾವು ಸುವಾರ್ತೆ ಹೇಳುವುದು ಆ ಕಾರಣಕ್ಕೆ. ಸುಮ್ಮನಿರಿ ಅಂತ ನಮಗೆ ಹೇಳಿದರೆ ಅದು ನಮ್ಮ ನಂಬಿಕೆಯ ಅರ್ಧ ಭಾಗವನ್ನೇ ಬಿಡಿ ಅಂದ ಹಾಗೆ.

ಹಾಗಿದ್ದರೂ ಪೇತ್ರನ ಮೊದಲನೇ ಪತ್ರ ಮೂರನೇ ಅಧ್ಯಾಯ ತೆಗೆದು ಮತ್ತೆ ಓದಿದೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಅಂತ ಇದೆ. ಎಷ್ಟೋ ಸಲ ಇದನ್ನು ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ. "ಕೇಳುವವರಿಗೆ" ಅನ್ನುವ ಮಾತಿನ ಮೇಲೆ ನನ್ನ ಕಣ್ಣು ನಿಂತಿದ್ದು ಈ ಸಲ. ಅದರ ಬೆನ್ನಿಗೇ ಮೃದುವಾಗಿ, ಗೌರವದಿಂದ ಹೇಳಿ ಅಂತಲೂ ಇದೆ.

ಕಳೆದ ಬುಧವಾರ ವಾರ್ಡಿಗೆ ಹೋದಾಗ ಬಾಗಿಲಲ್ಲೇ ನಿಂತು ಕೇಳಿದೆ. ಆರು ಹಾಸಿಗೆಯಲ್ಲಿ ನಾಲ್ವರು ಬನ್ನಿ ಅಂದರು. ಒಬ್ಬ ಅಜ್ಜ ಬೇಡ ಅಂದರು. ಇನ್ನೊಬ್ಬರು ನಿದ್ದೆ ಮಾಡುತ್ತಿದ್ದರು. ಆ ಅಜ್ಜನಿಗೆ ನೀರಿನ ಬಾಟಲಿ ತುಂಬಿಸಿಕೊಟ್ಟು ಬಂದೆ. ಅಣ್ಣ, ನಿಮಗೆ ಆದದ್ದಕ್ಕೆ ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ತೋಟದ ರೈಟರ್, ಆಲ್ದೂರು ಕಡೆ

ಸಹೋದರಿ, ನೀವು ಮಾಡದ ತಪ್ಪಿಗೆ ಕ್ಷಮೆ ಬೇಡ. ಬೆಂಕಿ ಬಿದ್ದ ಮನೆ ಅಂದಿರಲ್ಲ, ಆ ಮಾತು ನನಗೆ ಉಪಯೋಗಕ್ಕೆ ಬಂತು. ನಿಮ್ಮವರು ಯಾಕೆ ಅಷ್ಟು ತವಕ ಪಡುತ್ತಾರೆ ಅಂತ ಇಲ್ಲಿಯ ತನಕ ನನಗೆ ಅರ್ಥವಾಗಿರಲಿಲ್ಲ. ಹಣಕ್ಕೆ, ಲೆಕ್ಕಕ್ಕೆ ಅಂತಲೇ ಅಂದುಕೊಂಡಿದ್ದೆ. ಆ ಬೆಂಕಿ ನನಗೆ ಕಾಣುವುದಿಲ್ಲ. ಆದರೆ ನಿಮಗೆ ಕಾಣುತ್ತದೆ ಅಂತ ಈಗ ಗೊತ್ತಾಯಿತು. ಆಲ್ದೂರು ಕಡೆ ಬಂದರೆ ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ನನ್ನನ್ನು ಕೇಳಿ, ನಾನೂ ನಿಮ್ಮನ್ನು ಕೇಳುತ್ತೇನೆ.

ಆಲೂರು ಸೊಸೆ

ನಾನು ಕಥೋಲಿಕಳು. ನನ್ನ ಗಂಡ ಲಿಂಗಾಯತರ ಮನೆಯಲ್ಲಿ ಹುಟ್ಟಿದವರು, ದೇವರು ಅಂತ ಏನನ್ನೂ ನಂಬುವುದಿಲ್ಲ. ಮೇಲೆ ಬರೆದದ್ದೆಲ್ಲ ಚೆನ್ನಾಗಿದೆ. ಆದರೆ ಅಕ್ಕತಮ್ಮನ ವಿಷಯವೇ ಬೇರೆ, ಗಂಡಹೆಂಡಿರ ವಿಷಯವೇ ಬೇರೆ.

ದೀಕ್ಷಾಸ್ನಾನ ಆಗದವರನ್ನು ಚರ್ಚಿನಲ್ಲಿ ಮದುವೆಯಾಗಲು ಧರ್ಮಾಧ್ಯಕ್ಷರಿಂದ (ಬಿಷಪ್‌ರಿಂದ) ವಿಶೇಷ ಅನುಮತಿ ಬೇಕು. ಆಗ ಕಥೋಲಿಕರಾದವರು ಮಾತು ಕೊಡಬೇಕು, ನನ್ನ ನಂಬಿಕೆ ಬಿಡುವುದಿಲ್ಲ, ಹುಟ್ಟುವ ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ನನ್ನಿಂದ ಆದಷ್ಟೂ ಪ್ರಯತ್ನ ಮಾಡುತ್ತೇನೆ ಅಂತ. ಮಾತು ಕೊಟ್ಟವಳು ನಾನು. ನನ್ನ ಗಂಡ ಏನೂ ಬರೆದುಕೊಡಬೇಕಿರಲಿಲ್ಲ. ಆದರೆ ನಾನು ಕೊಟ್ಟ ಮಾತನ್ನು ಅವರಿಗೆ ತಿಳಿಸಿರಬೇಕು. ಸ್ವಾಮಿಗಳು ಇಬ್ಬರನ್ನೂ ಕೂರಿಸಿಕೊಂಡು ಎರಡು ಸಲ ಓದಿ ಹೇಳಿದರು. ಆಗ ನನ್ನವರು ಸರಿ ಅಂದರು. ಮಗಳು ಹುಟ್ಟಿದಾಗ ಸರಿ ಅನ್ನಲಿಲ್ಲ.

ಒಂದು ವರ್ಷ ಜಗಳ ಆಡಿದೆವು. "ಅವಳಿಗೆ ಕೇಳದೆ ಅವಳ ತಲೆ ಮೇಲೆ ಧರ್ಮ ಹಾಕ್ತೀಯಾ" ಅಂತ ಅವರು. "ಅವಳಿಗೆ ಕೇಳದೆ ಹೆಸರು ಇಟ್ವಿ, ಲಸಿಕೆ ಹಾಕಿಸಿದ್ವಿ, ಕನ್ನಡ ಕಲಿಸಿದ್ವಿ" ಅಂತ ನಾನು. ಕೊನೆಗೆ ದೀಕ್ಷಾಸ್ನಾನ ಆಯಿತು. ಅವರು ಬಂದರು, ಹಿಂದಿನ ಸಾಲಿನಲ್ಲಿ ನಿಂತರು. ಮಗಳು ಕೇಳಿದಾಗ ನಾನು ನಂಬುವುದಿಲ್ಲ ಅಂತ ನಿಜ ಹೇಳುತ್ತೇನೆ ಅಂತ ಷರತ್ತು ಹಾಕಿದರು. ನಾನು ಒಪ್ಪಿದೆ.

ಅವಳಿಗೀಗ ಏಳು ವರ್ಷ. ಹೋದ ತಿಂಗಳು ಊಟದ ಹೊತ್ತಿಗೆ ಕೇಳಿಯೇಬಿಟ್ಟಳು. "ಅಪ್ಪ, ನೀನು ಯಾಕೆ ಶಿಲುಬೆ ಗುರುತು ಹಾಕಲ್ಲ?" ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ಹೇಳಿದರು: "ನಿನ್ನ ಅಮ್ಮ ದೇವರಿದ್ದಾನೆ ಅಂತ ನಂಬ್ತಾಳೆ. ನಾನು ಇಲ್ಲ ಅಂತ ಅಂದ್ಕೊಂಡಿದ್ದೀನಿ. ನಾವಿಬ್ರೂ ತುಂಬಾ ಯೋಚನೆ ಮಾಡಿದ್ದೀವಿ. ನೀನೂ ದೊಡ್ಡವಳಾದ ಮೇಲೆ ಯೋಚನೆ ಮಾಡು." ಮಗಳು ಹಪ್ಪಳ ಮುರಿಯುತ್ತಾ "ಸರಿ" ಅಂದಳು.

ಮುಂದಿನ ವರ್ಷ ಮೊದಲ ಪರಮಪ್ರಸಾದ. ಮತ್ತೆ ಏನಾಗುತ್ತದೋ. ಎಲ್ಲ ಬಗೆಹರಿದಿದೆ ಅಂತ ನಾನು ಹೇಳುವುದಿಲ್ಲ. ಅವಳ ಆತ್ಮದ ಚಿಂತೆ ನನಗೆ ಇದೆ, ಅವಳ ಸ್ವಾತಂತ್ರ್ಯದ ಚಿಂತೆ ಅವರಿಗೆ ಇದೆ. ಇಬ್ಬರೂ ಅವಳಿಗಾಗಿಯೇ ಅಳುತ್ತೇವೆ.

ಕೋರ್ಟ್ ರಸ್ತೆ, ಹಾಸನ

ನಾನು ವಕೀಲ. ಚಿಕ್ಕದಾಗಿ ಬರೆಯುತ್ತೇನೆ. ಸಂವಿಧಾನದ 25ನೇ ವಿಧಿ ಶುರುವಾಗುವುದು ಧರ್ಮದಿಂದ ಅಲ್ಲ, ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ನಂಬಲೂ ಅದು ಆಸರೆ, ನಂಬದೆ ಇರಲೂ ಅದೇ ಆಸರೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡದವರು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. 1969ರ ಪ್ರಮಾಣ ಕಾಯ್ದೆಯಲ್ಲೇ ಇದೆ. ಎರಡಕ್ಕೂ ತೂಕ ಒಂದೇ. ಧಾರ್ಮಿಕ ವಿಧಿ ಬೇಡವಾದ ಜೋಡಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸು ಕೊಟ್ಟು.

ಅರಸೀಕೆರೆಯವರು ಕೇಳಿದ ಎದ್ದು ನಿಲ್ಲುವ ಪ್ರಶ್ನೆಗೆ ಒಂದು ಕೇಸು ನೆನಪಾಯಿತು. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಒಡಹುಟ್ಟಿದ ಮಕ್ಕಳು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಅದಕ್ಕೆ ಒಪ್ಪುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ತೆಗೆದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಎದ್ದು ನಿಂತದ್ದೇ ಗೌರವ, ಬಾಯಿ ತೆರೆಸುವ ಬಲವಂತ ಬೇಡ ಅನ್ನುವುದು ಅದರ ತಾತ್ಪರ್ಯ. ನಂಬಿಕೆಯ ಕಾರಣಕ್ಕೆ ಹಾಡದ ಆ ಕ್ರೈಸ್ತ ಮಕ್ಕಳು, ನಂಬಿಕೆ ಇಲ್ಲದ ಕಾರಣಕ್ಕೆ ಬೆಂಚಿನಲ್ಲೇ ಕುಳಿತ ನಿಮ್ಮ ತಮ್ಮ. ನನ್ನ ಕಣ್ಣಿಗೆ ಇಬ್ಬರೂ ಒಂದೇ ಸಾಲಿನವರು.

ಪ್ರಶ್ನೆ ಕೇಳುವವ, ಅರಸೀಕೆರೆ

ಆ ಕೇಸು ಗೊತ್ತಿರಲಿಲ್ಲ. ಓದಿ ನೋಡುತ್ತೇನೆ.

ಅಕ್ಕ, ನಿಮ್ಮ ತಮ್ಮನ ಉತ್ತರಕ್ಕೆ ಒಂದು ವಾರ ಯೋಚನೆ ಮಾಡಿದೆ. ವಿಜಯವಾಡದ ನಾಸ್ತಿಕ ಕೇಂದ್ರದ ಗೋರಾ ನೆನಪಾದರು. ನಾಸ್ತಿಕ ಅಂತ ಕಾಲೇಜಿನ ಕೆಲಸ ಕಳೆದುಕೊಂಡವರು. ಗಾಂಧೀಜಿಯ ಜೊತೆ ವರ್ಷಗಟ್ಟಲೆ ವಾದ ಮಾಡಿದರು. ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ಆದರೆ ಗೋರಾ ತಮ್ಮ ಮಗಳಿಗೆ ದಲಿತ ಹುಡುಗನ ಜೊತೆ ಮದುವೆ ನಿಶ್ಚಯಿಸಿದಾಗ, ಸೇವಾಗ್ರಾಮದಲ್ಲಿ ನಾನೇ ಮಾಡಿಸುತ್ತೇನೆ, ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳೋಣ ಅಂತ ಗಾಂಧೀಜಿ ಒಪ್ಪಿದರು. ಅಷ್ಟರಲ್ಲಿ 1948ರ ಜನವರಿಯಲ್ಲಿ ಅವರ ಕೊಲೆಯಾಯಿತು. ಮದುವೆ ಸೇವಾಗ್ರಾಮದಲ್ಲೇ ನಡೆಯಿತು. ಅಷ್ಟು ದೊಡ್ಡ ಭಕ್ತ ತನ್ನ ಬಾಯಿಂದ ದೇವರ ಹೆಸರು ಬಿಡಲು ಒಪ್ಪಿದ್ದ. ಬಗ್ಗುವುದು ಯಾವಾಗಲೂ ನಂಬದವನೇ ಅಂದ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ.

ಜಪಸರದ ವಿಷಯದಲ್ಲಿ ನಾನಾಗಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ನಮ್ಮಮ್ಮ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ಕೊನೆಯ ದಿನಗಳಲ್ಲಿ ಟೇಪ್ ಹಾಕಿಕೊಟ್ಟು ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಅರಸೀಕೆರೆ ತಮ್ಮ, ಟೇಪ್ ಹಾಕಿಕೊಟ್ಟಿರಲ್ಲ. ಅಮ್ಮನಿಗೆ ಅದು ಗೊತ್ತಿತ್ತು.

ಕೋವೂರ್ ದೇಹದಾನದ ಮಾತು ಬಂದಿದ್ದರಿಂದ ಒಂದು ಪುಟ್ಟ ವಿಷಯ. ನಮ್ಮ ಜನರಲ್ಲಿ ದೇಹದಾನ, ದಹನ ಎರಡೂ ನಾಸ್ತಿಕರ ಕೆಲಸ ಅನ್ನುವ ಭಾವನೆ ಇದೆ. ಹಾಗೇನಿಲ್ಲ. ಸಭೆ ಸಮಾಧಿಯನ್ನೇ ಹೆಚ್ಚು ಇಷ್ಟಪಡುತ್ತದೆ. ಆದರೆ 1963ರಿಂದ ದಹನಕ್ಕೂ ಅಡ್ಡಿ ಇಲ್ಲ, ಪುನರುತ್ಥಾನವನ್ನು ಅಲ್ಲಗಳೆಯಲು ಮಾಡದಿದ್ದರೆ ಸಾಕು. ಕಣ್ಣುದಾನಕ್ಕೂ ದೇಹದಾನಕ್ಕೂ ತಡೆ ಇಲ್ಲ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು. ನಾನೂ ನನ್ನ ಮಗಳೂ ಒಂದೇ ದಿನ ಹೋಗಿ ಕಣ್ಣುದಾನಕ್ಕೆ ಹೆಸರು ಬರೆಸಿದೆವು. ಅವಳ ಕಾರಣ ಬೇರೆ, ನನ್ನ ಕಾರಣ ಬೇರೆ, ಫಾರಂ ಒಂದೇ.

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ. ನಿನ್ನೆ ದೀಕ್ಷಾಸ್ನಾನ ಆಯಿತು.

ಮೇಷ್ಟ್ರು ಹೇಳಿದ ಹಾಗೆ ನಾದಿನಿ ಒಬ್ಬಳೇ ಜ್ಞಾನತಾಯಿಯಾಗಿ ನಿಂತಳು. ಸ್ವಾಮಿಗಳಿಗೆ ತಮ್ಮನ ವಿಷಯ ಮೊದಲೇ ಹೇಳಿದ್ದೆ. ಅವರು "ಮಾವ ಅಂದ ಮೇಲೆ ಹತ್ತಿರ ನಿಲ್ಲಲಿ, ಉತ್ತರ ಹೇಳೋದು ಬೇಡ" ಅಂದರು. ತಲೆಗೆ ನೀರು ಸುರಿದಾಗ ಮಗು ಕಿರುಚಿತು. ಒರೆಸಲು ಟವೆಲ್ ಹಿಡಿದು ನಿಂತಿದ್ದವನು ತಮ್ಮ. ಪಾಸ್ಕ (ಈಸ್ಟರ್) ಮೇಣದಬತ್ತಿಯಿಂದ ಹಚ್ಚಿದ ದೀಪವನ್ನು ನಾದಿನಿ ಹಿಡಿದಳು. "ನಂಬುತ್ತೀರಾ" ಅಂತ ಕೇಳಿದಾಗ ನಾವು ಜೋರಾಗಿ ಹೇಳಿದೆವು. ಅವನು ಸುಮ್ಮನೆ ನಿಂತಿದ್ದ. ಈ ಸಲ ನಾನು ತಲೆ ತಗ್ಗಿಸಲಿಲ್ಲ.

ಕರೆಯಬೇಡ ಅಂದಿದ್ದ ದೊಡ್ಡಮ್ಮನೂ ಬಂದಿದ್ದರು. ಅವನ ಹತ್ತಿರ ಮಾತಾಡಲಿಲ್ಲ. ಆದರೆ ಅವನು ಬಡಿಸಿದ ಹಂದಿ ಸಾರು ಹಾಕಿಸಿಕೊಂಡರು. ಮುಂದಿನ ಬೇಸಿಗೆಗೆ ನೀರು ಇಳಿದ ಮೇಲೆ ಅಮ್ಮನನ್ನೂ ಮಗುವನ್ನೂ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಬೇಕು ಅಂತ ತಮ್ಮ ಹೇಳುತ್ತಿದ್ದಾನೆ, ಅಮ್ಮನ ಉಸಿರು ಸಹಕರಿಸಿದರೆ.

ಸಂಜೆ ನೆಂಟರೆಲ್ಲ ಹೋದ ಮೇಲೆ ಜಪಸರಕ್ಕೆ ಕುಳಿತೆವು. ಮೂರನೇ ಹತ್ತು ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಆಕ್ಸಿಜನ್ ಮಷಿನ್ ಕೂಗಲು ಶುರುವಾಯಿತು. ತಮ್ಮ ಹಾರಿ ಎದ್ದು ಮೂಲೆಯಲ್ಲಿದ್ದ ಸಿಲಿಂಡರ್ ಎಳೆದುಕೊಂಡು ಬಂದ. ನಾನು ಮೊಬೈಲ್ ಬೆಳಕು ಹಿಡಿದೆ. ಅವನು ಪೈಪ್ ಬದಲಿಸಿ, ಕೀಲಿ ತಿರುಗಿಸಿ, ಮುಳ್ಳು ಎರಡಕ್ಕೆ ಬರುವ ತನಕ ನೋಡಿದ. ಅಮ್ಮನ ಮೂಗಿನ ಹತ್ತಿರ ಕೈ ಹಿಡಿದು ಗಾಳಿ ಬರುತ್ತಿದೆಯಾ ಅಂತ ಪರೀಕ್ಷೆ ಮಾಡಿದ. ಅಷ್ಟೂ ಹೊತ್ತು ಅಮ್ಮ ಎರಡು ಬೆರಳಿನ ನಡುವೆ ಒಂದೇ ಮಣಿ ಒತ್ತಿ ಹಿಡಿದಿದ್ದರು.

ಅವನು ಮತ್ತೆ ಪಕ್ಕದಲ್ಲಿ ಬಂದು ಕುಳಿತ.

"ಎಷ್ಟನೇದಮ್ಮ?"

"ಏಳು," ಅಂದರು ಅಮ್ಮ. ಅವನು ಏಳರಿಂದ ಶುರು ಮಾಡಿದ.